ಲೋಟ ತೊಳೆಯುವ ಕೈ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೇನೆ. ನನ್ನ ಮೈದುನನಿಗೆ 38 ವರ್ಷ, ಮಂಡಿಯಲ್ಲಿ ಕಡಲೆಕಾಯಿ ಮೂಟೆ ಹೊರುವ ಕೆಲಸ. ಅವನಿಗೆ ಎಚ್‌ಐವಿ ಇದೆ. ಆರು ವರ್ಷದಿಂದ ವೈರಾಣುವನ್ನು ಅಡಗಿಸಿಡುವ ಏಆರ್‌ಟಿ ಮಾತ್ರೆಯನ್ನು ಒಂದು ದಿನವೂ ಬಿಟ್ಟಿಲ್ಲ. ಮನೆಯವರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಕಳೆದ ತಿಂಗಳು ಹರ್ನಿಯಾ ಆಪರೇಷನ್‌ಗೆಂದು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಯಾವ ಪರೀಕ್ಷೆ ಎಂದು ಹೇಳದೆ ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅವನ ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆದು ಮಂಚಕ್ಕೆ ತೂಗುಹಾಕಿದ್ದರು. ಮೊದಲು ‘ಕಿಟ್‌ಗೆ ಎಂಟು ಸಾವಿರ ಹೆಚ್ಚಿಗೆ ಕಟ್ಟಿ’ ಎಂದರು. ಸಂಜೆಗೆ ‘ನಮ್ಮಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಹೋಗಿ’ ಎಂದರು. ಆ ವಾರ್ಡಿನಲ್ಲಿ ನಮ್ಮ ಪಕ್ಕದೂರಿನವರೊಬ್ಬರಿದ್ದರು. ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಈಗ ಅತ್ತೆ ಅವನ ತಟ್ಟೆ, ಲೋಟ, ಚೊಂಬು ಎಲ್ಲ ಬೇರೆ ಇಟ್ಟಿದ್ದಾರೆ. ಕೇಳಿದರೆ ‘ಡಾಕ್ಟರೇ ಮುಟ್ಟಲಿಲ್ಲ, ನೀನು ನನಗೇನು ಹೇಳುತ್ತೀಯೆ’ ಎನ್ನುತ್ತಾರೆ. ಆಸ್ಪತ್ರೆಯವರು ಮಾಡಿದ್ದು ಸರಿಯೇ? ನರ್ಸ್‌ಗಳ ಹೆದರಿಕೆಯಲ್ಲಿ ನಿಜ ಎಷ್ಟಿದೆ? ಮೂರನೆಯದನ್ನು ಬರೆಯಲು ನಾಚಿಕೆ. ಗರ್ಭಿಣಿಯರನ್ನು ಎಚ್‌ಐವಿ ಪರೀಕ್ಷೆಗೆ ಕರೆದೊಯ್ಯುವವಳೇ ನಾನು. ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಸಭೆಗಳಲ್ಲಿ ಹೇಳುವವಳೂ ನಾನೇ. ಆದರೂ ಅವನು ಕುಡಿದ ಲೋಟ ತೊಳೆಯುವಾಗ ನನ್ನ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಏಕೆ?

ಉತ್ತರ: ಮೂರನೆಯ ಪ್ರಶ್ನೆಗೇ ಮೊದಲು ಬರುತ್ತೇನಮ್ಮ. ನಾಚಿಕೆಪಡಬೇಡಿ. ಅದನ್ನು ತಮಗೆ ತಾವೇ ಕೇಳಿಕೊಳ್ಳಬೇಕಿದ್ದ ಎಷ್ಟೋ ಡಾಕ್ಟರುಗಳು ಕೇಳಿಕೊಳ್ಳದೆಯೇ ನಿವೃತ್ತರಾದರು. ನಾನೂ ತಡವಾಗಿ ಕೇಳಿಕೊಂಡವಳು.

ತೊಂಬತ್ತರ ದಶಕದಲ್ಲಿ ಹೌಸ್ ಸರ್ಜನ್ ಆಗಿದ್ದಾಗ ನಮ್ಮ ವಾರ್ಡಿಗೆ ಒಬ್ಬ ಲಾರಿ ಕ್ಲೀನರ್ ಬಂದ. ಕ್ಷಯ, ನಿಲ್ಲದ ಭೇದಿ, ಮೂಳೆ ಎಣಿಸಬಹುದಾದಂಥ ಮೈ. ಎಚ್‌ಐವಿ ಹರಡುವ ದಾರಿಗಳ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾಗಿದ್ದ ನಾನು ಅವನ ನಾಡಿ ಹಿಡಿಯಲು ಗ್ಲೌಸ್ ಹಾಕಿಕೊಂಡೆ. ಅದೂ ಎರಡು ಜೊತೆ, ಒಂದರ ಮೇಲೊಂದು. ಅದೇ ಬೆಳಗ್ಗೆ ಬೇರೆ ಹತ್ತು ಹನ್ನೆರಡು ಜನರ ರಕ್ತವನ್ನು ಬರಿಗೈಯಲ್ಲೇ ತೆಗೆದಿದ್ದೆ. ಅವನ ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕಿದವಳೂ ನಾನೇ. ಅವನು ನನ್ನ ಕೈಯನ್ನೇ ನೋಡುತ್ತಿದ್ದ, ಏನೂ ಅನ್ನಲಿಲ್ಲ. ಮಾರನೆಯ ದಿನ ವಾರ್ಡಿನ ಆಯಾ ಅವನ ಊಟದ ತಟ್ಟೆಯನ್ನು ಕಾಲಿನಿಂದ ಮಂಚದ ಕಡೆಗೆ ತಳ್ಳುವುದನ್ನು ಕಂಡು ಗದರಿಸಿದೆ. ಆಕೆ ನನ್ನ ಗ್ಲೌಸಿನ ಕಡೆ ನೋಡಿದಳು. ಅವಳೂ ಏನೂ ಅನ್ನಲಿಲ್ಲ.

ತಲೆಗೆ ಹತ್ತಿದ್ದು ಕೈಗೆ ಇಳಿಯುವುದು ನಿಧಾನ. ತಲೆ ಪುಸ್ತಕ ಓದಿ, ತರಬೇತಿಗೆ ಹೋಗಿ ಕಲಿಯುತ್ತದೆ. ಕೈ ಮಾತ್ರ ಇನ್ನೊಂದು ಕೈಯನ್ನು ನೋಡಿ ಕಲಿಯುತ್ತದೆ. ನಾನು ನನ್ನ ಸೀನಿಯರ್ ಕೈ ನೋಡಿದ್ದೆ, ಆಯಾ ನನ್ನ ಕೈ ನೋಡಿದಳು, ವಾರ್ಡಿಗೆ ಬಂದುಹೋದ ಸಂಬಂಧಿಕರು ಆಯಾಳ ಕಾಲನ್ನು ನೋಡಿದರು. ನಿಮ್ಮ ಅತ್ತೆಯವರು ಹೇಳಿದ ಮಾತು ಒರಟಾಗಿದ್ದರೂ ಅದರಲ್ಲಿ ತರ್ಕವಿದೆ. ಡಾಕ್ಟರು ಮುಟ್ಟದ್ದನ್ನು ನಾನು ಏಕೆ ಮುಟ್ಟಬೇಕು? ಹಳ್ಳಿಯ ಜನರಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಮಾಡುವ ನಮ್ಮವರು ಈ ಪ್ರಶ್ನೆಗೆ ಉತ್ತರ ಕೊಟ್ಟು ಮುಂದಕ್ಕೆ ಹೋಗಬೇಕು. ಊರಿನ ಧೋರಣೆ, ಆಸ್ಪತ್ರೆಯ ಧೋರಣೆ ಎಂದು ಎರಡು ಕಾಯಿಲೆಗಳಿಲ್ಲ. ನಾನು ಕಂಡಂತೆ ಊರು ಆಸ್ಪತ್ರೆಯಿಂದಲೇ ಕಲಿತಿದೆ.

ಹಾಗಾದರೆ ಆಸ್ಪತ್ರೆಗೆ ಕಲಿಸಿದವರು ಯಾರು? ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸೋಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯ ಮಹಿಳೆಯರಿಂದ ಸಂಗ್ರಹಿಸಿದ ರಕ್ತವನ್ನು ವೆಲ್ಲೂರಿನಲ್ಲಿ ಪರೀಕ್ಷಿಸಿದರು. ಆ ಇಬ್ಬರು ಹೆಣ್ಣುಮಕ್ಕಳು ಮಾಡಿದ್ದು ಧೈರ್ಯದ ಕೆಲಸ. ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ‘ಅಂಥವರಿಗೆ ಬರುವ ಕಾಯಿಲೆ’ ಎಂಬುದೊಂದೇ. ಆಮೇಲೆ ಲಾರಿ ಚಾಲಕರಲ್ಲಿ ಹುಡುಕಿದರು, ಅಲ್ಲಿಯೂ ಸಿಕ್ಕಿತು. ನಮ್ಮ ಜಿಲ್ಲೆಯ ನಡುವೆಯೇ ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುತ್ತದಲ್ಲ, ‘ಲಾರಿಯವರ ಕಾಯಿಲೆ’ ಎಂಬ ಹೆಸರು ಇಲ್ಲಿ ಬೇಗ ಬೇರುಬಿಟ್ಟಿತು. ಹುಡುಕಿದ ಕಡೆ ಸಿಕ್ಕಿತು ಎಂಬುದನ್ನು ಜನ ಅಲ್ಲಿ ಮಾತ್ರ ಇದೆ ಎಂದು ಓದಿಕೊಂಡರು. ಅದರ ಮೇಲೆ ಪತ್ರಿಕೆಗಳ ‘ಮಹಾಮಾರಿ’, ಪ್ರಚಾರ ಚಿತ್ರಗಳ ತಲೆಬುರುಡೆ. ಹೆದರಿಸಿದರೆ ಜನ ಎಚ್ಚರವಾಗುತ್ತಾರೆ ಎಂದು ನಮ್ಮ ಇಲಾಖೆಯವರೂ ಅಂದುಕೊಂಡಿದ್ದೆವು. ಜನ ರೋಗಿಗಳಿಗೆ ಹೆದರುವುದನ್ನು ಕಲಿತರು. ನಮ್ಮ ನರ್ಸ್‌ಗಳೂ ಆಯಾಗಳೂ ಲ್ಯಾಬಿನವರೂ ಆ ತಲೆಬುರುಡೆಯನ್ನು ನೋಡುತ್ತ ಬೆಳೆದ ಮಕ್ಕಳೇ. ಬಿಳಿ ಕೋಟು ಹಾಕಿಕೊಂಡ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ಈಗ ನರ್ಸ್‌ಗಳ ಹೆದರಿಕೆ. ಅದನ್ನು ನಾನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗಿ ನನ್ನ ಕ್ವಾರ್ಟರ್ಸ್ ಬಾಗಿಲು ಬಡಿದಳು. ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಎಚ್‌ಐವಿ ಇದ್ದ ರೋಗಿಗೆ ಇಂಜೆಕ್ಷನ್ ಕೊಟ್ಟು ಸೂಜಿಗೆ ಮುಚ್ಚಳ ಹಾಕಲು ಹೋಗಿ ತೋರುಬೆರಳಿಗೆ ಚುಚ್ಚಿಕೊಂಡಿದ್ದಳು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಹಾಗೆಯೇ ಡಬ್ಬಕ್ಕೆ ಹಾಕಬೇಕು. ಆ ವಾರ್ಡಿನ ಡಬ್ಬ ತುಂಬಿ ತುಳುಕುತ್ತಿತ್ತು. ಗಾಬರಿಯಲ್ಲಿ ಬೆರಳನ್ನು ಹಿಂಡಿ ಹಿಂಡಿ ನೀಲಿ ಮಾಡಿಕೊಂಡು, ಮೇಲೆ ಸ್ಪಿರಿಟ್ ಸುರಿದುಕೊಂಡು ಬಂದಿದ್ದಳು. ಎರಡೂ ತಪ್ಪು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯುವುದಷ್ಟೇ ಸರಿ. ತಡೆಗಟ್ಟುವ ಮಾತ್ರೆಯ ಮೊದಲ ಡೋಸ್ ಅರ್ಧ ಗಂಟೆಯೊಳಗೆ ಕೊಟ್ಟೆ. ಆದಷ್ಟೂ ಎರಡು ಗಂಟೆಯೊಳಗೆ, ತೀರಾ ತಡವಾದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಮಾತ್ರೆ ನುಂಗಿ ನೀರು ಕುಡಿದವಳೇ ಕೇಳಿದಳು: ‘ಮುಂದಿನ ತಿಂಗಳು ನಿಶ್ಚಿತಾರ್ಥ ಇದೆ ಮೇಡಂ, ಹುಡುಗನ ಮನೆಯವರಿಗೆ ಹೇಳಬೇಕೇ?’

ಅವಳಿಗೆ ಹೇಳಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. ಎಚ್‌ಐವಿ ಇರುವ, ಚಿಕಿತ್ಸೆ ಪಡೆಯದ ರೋಗಿಯ ರಕ್ತವಿರುವ ಸೂಜಿ ಸಾವಿರ ಮಂದಿಗೆ ಚುಚ್ಚಿದರೆ ಸೋಂಕು ತಗಲುವುದು ಸುಮಾರು ಮೂವರಿಗೆ. ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಆದರೆ ಇಪ್ಪತ್ತು ಮೂವತ್ತು ಮಂದಿಗೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ, ಮುನ್ನೂರು ಮಂದಿಯವರೆಗೂ ಹೋಗಬಹುದು. ಎಚ್‌ಐವಿಯ ಆ ಮೂವರನ್ನೂ ಬಹುಮಟ್ಟಿಗೆ ಉಳಿಸುವುದಕ್ಕೆ ಮಾತ್ರೆ ಇದೆ. ‘ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇನಮ್ಮ?’ ಎಂದು ಕೇಳಿದೆ. ಮೂರು ಡೋಸುಗಳಲ್ಲಿ ಒಂದು ಮಾತ್ರ ಆಗಿತ್ತು. ಉಳಿದ ಎರಡನ್ನು ಯಾರೂ ಕೇಳಲಿಲ್ಲ, ಅವಳೂ ಮರೆತಿದ್ದಳು. ನೂರು ಪಟ್ಟು ದೊಡ್ಡ ಅಪಾಯವನ್ನು ಮರೆತು ಚಿಕ್ಕದಕ್ಕೆ ನಡುಗುತ್ತಿದ್ದಳು. ಅವಳ ಪರೀಕ್ಷೆಗಳು ಆರು ವಾರಕ್ಕೂ ಮೂರು ತಿಂಗಳಿಗೂ ನೆಗೆಟಿವ್ ಬಂದವು. ಮದುವೆಯೂ ಆಯಿತು. ಲಸಿಕೆ ಪೂರ್ತಿ ಮಾಡಿಸಿದ್ದು ನಾನು ಬೆನ್ನುಹತ್ತಿದ ಮೇಲೆ.

ಆದ್ದರಿಂದ ಹೆದರಿಕೆ ನಿಜ, ಅದರ ಗುರಿ ಮಾತ್ರ ತಪ್ಪು. ಆ ಹುಡುಗಿಯ ಬೆರಳಿಗೆ ಸೂಜಿ ಚುಚ್ಚಲು ತುಂಬಿದ ಡಬ್ಬ ಕಾರಣ, ನಲವತ್ತು ರೋಗಿಗಳಿಗೆ ಇಬ್ಬರೇ ನರ್ಸ್‌ಗಳಿದ್ದದ್ದು ಕಾರಣ. ಗ್ಲೌಸಿನ ಪೆಟ್ಟಿಗೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಐದು ಗಂಟೆಗೆ ಮನೆಗೆ ಹೋದವರ ಜೇಬಿನಲ್ಲಿ. ಇಂಥ ಕಡೆ ಕೆಲಸ ಮಾಡುವ ಹೆಣ್ಣುಮಗಳು ಸಿಟ್ಟನ್ನು ಆಡಳಿತದವರ ಮೇಲೆ ತೋರಿಸಲಾರಳು, ಮಂಚದ ಮೇಲೆ ಮಲಗಿರುವವನ ಮೇಲೆ ತೋರಿಸುತ್ತಾಳೆ. ನಿಮ್ಮ ಮೈದುನನಿಗೆ ಕಂಡ ಮುಖಗಳ ಹಿಂದೆ ಇದೂ ಇರಬಹುದು. ಹಾಗೆಂದು ಅದನ್ನು ಒಪ್ಪಬೇಕಾಗಿಲ್ಲ.

ಕೆಂಪು ಇಂಕಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಎಲ್ಲ ತಪ್ಪುಗಳೂ ಆ ಒಂದು ಗುರುತಿನಲ್ಲಿವೆ. ಕೆಲವು ಕಡೆ ‘ರಿಯಾಕ್ಟಿವ್’ ಎಂದು ಬರೆಯುತ್ತಾರೆ, ಕೆಲವು ಕಡೆ ‘ರೆಟ್ರೋ’ ಎನ್ನುತ್ತಾರೆ. ರೋಗಿಗೆ ತಿಳಿಯದಿರಲಿ ಎಂದು ಹುಟ್ಟಿದ ಗುಟ್ಟಿನ ಮಾತು ಇದು. ಒಂದು ವಾರದಲ್ಲಿ ಕಸ ಗುಡಿಸುವವರಿಂದ ಕ್ಯಾಂಟೀನಿನವರವರೆಗೆ ಎಲ್ಲರಿಗೂ ಅರ್ಥ ಗೊತ್ತಾಗಿರುತ್ತದೆ. ‘ಮೂರನೆಯ ಬೆಡ್ ರೆಟ್ರೋ ಅಂತೆ’ ಎಂದು ಪಿಸುಗುಟ್ಟುವಾಗ ಆ ‘ಅಂತೆ’ಯಲ್ಲಿ ಒಂದು ರುಚಿ ಇರುತ್ತದೆ, ಕೇಳಿದವರಿಗೆ ಗೊತ್ತು. ಸಿಬ್ಬಂದಿಯ ರಕ್ಷಣೆಗಾಗಿ ಬರೆಯುತ್ತೇವೆ ಎಂಬುದು ಸಮರ್ಥನೆ. ರಕ್ಷಣೆ ಯಾರಿಂದ? ನಿಮ್ಮ ಮೈದುನ ಆರು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ, ಅವನ ರಕ್ತದಲ್ಲಿ ವೈರಾಣು ಲೆಕ್ಕಕ್ಕೆ ಸಿಗದಷ್ಟು ಕುಗ್ಗಿರುವ ಸಾಧ್ಯತೆಯೇ ಹೆಚ್ಚು. ಪಕ್ಕದ ಹಾಸಿಗೆಯವನಿಗೆ ಕಳೆದ ವಾರವಷ್ಟೇ ಸೋಂಕು ತಗಲಿದ್ದರೆ ಪರೀಕ್ಷೆ ನೆಗೆಟಿವ್ ತೋರಿಸುತ್ತದೆ. ಕೆಲವು ವಾರಗಳಲ್ಲಿ ಅವನ ರಕ್ತದಲ್ಲಿ ವೈರಾಣು ತುಂಬಿ ತುಳುಕುತ್ತಿರುತ್ತದೆ. ಅವನ ಕೇಸ್ ಶೀಟಿಗೆ ನೀಲಿ ಇಂಕು. ಕೆಂಪು ನೋಡಿ ಎಚ್ಚರವಾಗುವ ಕೈ ನೀಲಿ ನೋಡಿದಾಗ ಮೈಮರೆಯುತ್ತದೆ. ಪಾವಗಡದ ಕಡೆಯಿಂದ ನಡುರಾತ್ರಿ ಆಟೋದಲ್ಲಿ ಬಂದಿಳಿದು ಹತ್ತು ನಿಮಿಷದಲ್ಲಿ ಹೆರುವ ಹೆಣ್ಣುಮಗಳ ಬಳಿ ಯಾವ ರಿಪೋರ್ಟೂ ಇರುವುದಿಲ್ಲ. ಅವಳಿಗೆ ಯಾವ ಇಂಕು? ಅದಕ್ಕೇ ನಿಯಮ ಇರುವುದು: ರಕ್ತ ಮುಟ್ಟುವಾಗ ಪ್ರತಿಯೊಬ್ಬ ರೋಗಿಗೂ ಗ್ಲೌಸ್, ಪ್ರತಿಯೊಂದು ಸೂಜಿಗೂ ಡಬ್ಬ, ಪ್ರತಿಯೊಂದು ಉಪಕರಣಕ್ಕೂ ಅದೇ ಶುದ್ಧೀಕರಣ. ಎಲ್ಲರಿಗೂ ಒಂದೇ ಎಂದಾದ ಮೇಲೆ ‘ಎಚ್‌ಐವಿ ಕಿಟ್’ ಎಂಬ ಎಂಟು ಸಾವಿರಕ್ಕೆ ಅರ್ಥವೇ ಇಲ್ಲ. ಬೇರೆ ರೋಗಿಗಳಿಗೆ ಆ ರಕ್ಷಣೆ ಇಲ್ಲದೆ ಆಪರೇಷನ್ ಮಾಡುತ್ತಿದ್ದರೆ ಅದು ಇನ್ನೂ ದೊಡ್ಡ ತಪ್ಪೊಪ್ಪಿಗೆ.

ಇನ್ನೊಂದು ಹಳೆಯ ಚಟವಿದೆ: ‘ಹೇಗೆ ಬಂತು?’ ಎಂದು ಕೇಳುವುದು. ಹರ್ನಿಯಾ ಹೊಲಿಯುವವರಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ಗಂಡನಿಂದ ಬಂದಿದ್ದರೆ ‘ಪಾಪ’, ತಾಯಿಯಿಂದ ಮಗುವಿಗೆ ಬಂದಿದ್ದರೆ ‘ಅಯ್ಯೋ ಪಾಪ’, ನಿಮ್ಮ ಮೈದುನನಂಥ ಗಂಡಸಾದರೆ ‘ಮಾಡಿದ್ದುಣ್ಣಲಿ’. ಸಕ್ಕರೆ ಕಾಯಿಲೆಯವನಿಗೆ ಎಷ್ಟು ಹೋಳಿಗೆ ತಿಂದೆ ಎಂದು ಕೇಳಿ ಆಪರೇಷನ್ ನಿರಾಕರಿಸಿದವರನ್ನು ನಾನಂತೂ ಕಂಡಿಲ್ಲ.

ಚಿಕಿತ್ಸೆಯಿಂದ ಆಗಿರುವ ಬದಲಾವಣೆ ಅರ್ಧಕ್ಕರ್ಧ ಸಿಬ್ಬಂದಿಯ ತಲೆಗೆ ಇಳಿದೇ ಇಲ್ಲ. ಆ ಲಾರಿ ಕ್ಲೀನರ್‌ಗೆ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಏಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡತೊಡಗಿತು. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಎಷ್ಟೇ ಇರಲಿ, ಸೋಂಕು ಪತ್ತೆಯಾದ ಕೂಡಲೇ ಮಾತ್ರೆ. ಈಗ ಬಹುತೇಕ ಮಂದಿಗೆ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಗಳು ಅದರಲ್ಲೇ ಸೇರಿವೆ. ಅದನ್ನು ಸರಿಯಾಗಿ ನುಂಗಿದವರ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಸಾಮಾನ್ಯವಾಗಿ ಆರು ತಿಂಗಳೊಳಗೆ ಯಂತ್ರಕ್ಕೆ ಸಿಗದಷ್ಟು ಇಳಿಯುತ್ತದೆ. ಅಂಥವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ದಾಟುವುದಿಲ್ಲ. ಯುರೋಪಿನಲ್ಲಿ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ‘ಪಾರ್ಟ್‌ನರ್’ ಅಧ್ಯಯನ 2016ರಲ್ಲೂ 2019ರಲ್ಲೂ ಹೇಳಿದ್ದು ಇದನ್ನೇ, ಅಲ್ಲಿ ಒಂದು ಸೋಂಕೂ ದಾಟಲಿಲ್ಲ. ಇಲ್ಲಿ ಒಂದು ಮಾತು ಸೇರಿಸಬೇಕು. ಈ ಭರವಸೆ ಲೈಂಗಿಕ ಸಂಪರ್ಕದ ಮಟ್ಟಿಗೆ ಸಾಬೀತಾದದ್ದು. ಸೂಜಿ ಚುಚ್ಚಿಕೊಂಡ ನರ್ಸ್‌ಗೆ ‘ರೋಗಿಯ ವೈರಲ್ ಲೋಡ್ ಕಡಿಮೆ ಇದೆ, ಮಾತ್ರೆ ಬೇಡ’ ಎಂದು ಯಾರೂ ಹೇಳಕೂಡದು. ಅಪಾಯ ತೀರಾ ಕಡಿಮೆಯಾಗುತ್ತದೆ, ಆದರೂ ವೈದ್ಯರನ್ನು ಕಂಡೇ ತೀರಬೇಕು.

ಈ ಮಾತ್ರೆ ನುಂಗಿ ಗಟ್ಟಿಮುಟ್ಟಾಗಿ ಮೂಟೆ ಹೊರುವವರಿಗೆ ಉಳಿದಿರುವ ದೊಡ್ಡ ತೊಂದರೆ ನಾವೇ. ಏಆರ್‌ಟಿ ಮಾತ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಅಲುಗಿದರೆ ಗಲಗಲ ಎನ್ನುತ್ತದೆ. ತಿಂಗಳ ಮಾತ್ರೆಗೆ ಬರುತ್ತಿದ್ದ ಕೊರಟಗೆರೆ ಕಡೆಯ ಒಬ್ಬಾಕೆ ಚೀಲದಲ್ಲಿ ಹತ್ತಿ ತರುತ್ತಿದ್ದಳು. ಔಷಧ ವಿತರಣೆಯ ಕಿಟಕಿಯ ಪಕ್ಕದಲ್ಲೇ ನಿಂತು ಡಬ್ಬಿಯ ಲೇಬಲನ್ನು ಉಗುರಿನಿಂದ ಕೆರೆದು ತೆಗೆದು, ಮುಚ್ಚಳ ಬಿಚ್ಚಿ ಹತ್ತಿ ತುರುಕಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಸೀರೆಯ ಮಡಿಕೆಗಳ ನಡುವೆ ಇಡುತ್ತಿದ್ದಳು. ಬಸ್ಸಿನಲ್ಲಿ ಊರಿನವರು ಸಿಗುತ್ತಾರಲ್ಲ. ಇನ್ನು ಕೆಲವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಮಾತ್ರೆ ಸಿಕ್ಕರೂ ಬೇಡವೆಂದು, ಕೂಲಿ ಬಿಟ್ಟು, ಇಡೀ ದಿನ ಹಾಳುಮಾಡಿಕೊಂಡು ಬೇರೆ ಜಿಲ್ಲೆಗೆ ಹೋಗುತ್ತಾರೆ. ಪರಿಚಯದ ಮುಖ ಸಿಗದ ದೂರವೇ ಅವರಿಗೆ ಒಳ್ಳೆಯ ಆಸ್ಪತ್ರೆ. ಮಾತ್ರೆ ತಪ್ಪುವುದು ಹೀಗೆಯೇ. ಮಾತ್ರೆ ತಪ್ಪಿದರೆ ವೈರಾಣು ಮತ್ತೆ ಏಳುತ್ತದೆ. ಸೋಂಕು ಹರಡಬಾರದೆಂದು ದೂರ ತಳ್ಳುವವರು ಕೊನೆಗೆ ಸೋಂಕು ಹರಡುವುದಕ್ಕೇ ದಾರಿ ಮಾಡಿಕೊಡುತ್ತಾರೆ.

ಊರ ಭಯ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2018ರಲ್ಲಿ ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಮೊರಬದಲ್ಲಿ ಕೆರೆಗೆ ಬಿದ್ದು ಸತ್ತ ಮಹಿಳೆಗೆ ಎಚ್‌ಐವಿ ಇತ್ತು ಎಂಬ ಸುದ್ದಿ ಹಬ್ಬಿತು. ಊರಿನವರು ಆ ಕೆರೆಯ ನೀರು ಕುಡಿಯಲು ಒಪ್ಪಲಿಲ್ಲ. ಅಧಿಕಾರಿಗಳು ತಿಳಿಹೇಳಿದರೂ ಫಲವಾಗದೆ ಕೊನೆಗೆ ಪಂಪು ಹಚ್ಚಿ ಇಡೀ ಕೆರೆಯನ್ನೇ ಬರಿದು ಮಾಡಿಸಬೇಕಾಯಿತು. ಈ ವೈರಾಣು ಮೈಯಿಂದ ಆಚೆ ಬಂದರೆ ಹೆಚ್ಚು ಹೊತ್ತು ಬಾಳದು, ನೀರಿನಿಂದ ಯಾರಿಗೂ ತಗಲದು. ಶಿರಾ, ಪಾವಗಡ, ಮಧುಗಿರಿಯಂಥ ಬರದ ಸೀಮೆಯ ನಮಗೆ ತುಂಬಿದ ಕೆರೆಯನ್ನು ಖಾಲಿ ಮಾಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯುವ ನೀರಿಗಿಂತ ಭಯ ದೊಡ್ಡದಾಗಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ಆಸ್ಪತ್ರೆಯವರು ಮಾಡಿದ್ದು ಸರಿಯಲ್ಲ, ಅದು ಕಾನೂನಿಗೆ ವಿರುದ್ಧ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ನಿಮ್ಮಲ್ಲಿ ಹೇಳದೆ ರಕ್ತ ತೆಗೆದಾಗಲೇ ಮೊದಲ ತಪ್ಪಾಯಿತು. ಸೋಂಕಿದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಬೇರೆ ರೀತಿ ನಡೆಸಿಕೊಳ್ಳುವುದು ತಾರತಮ್ಯ. ಒಪ್ಪಿಗೆಯಿಲ್ಲದೆ ಸೋಂಕಿನ ವಿಚಾರ ಬಯಲುಮಾಡುವುದೂ ಕಾಯ್ದೆಗೆ ವಿರುದ್ಧ, ಮಂಚಕ್ಕೆ ತೂಗುಹಾಕಿದ ಕಾಗದವೂ ಅದೇ ಲೆಕ್ಕಕ್ಕೆ ಬರುತ್ತದೆ. ಇದೇ ಕಾಯ್ದೆ ಸಿಬ್ಬಂದಿಯ ಪರವಾಗಿಯೂ ಇದೆ: ಗ್ಲೌಸ್ ಮುಂತಾದ ರಕ್ಷಣೆ, ಸೂಜಿ ಚುಚ್ಚಿಕೊಂಡರೆ ಮಾತ್ರೆ, ಅದರ ತರಬೇತಿ ಇವೆಲ್ಲವನ್ನೂ ಕೊಡುವುದು ಆಸ್ಪತ್ರೆಯ ಹೊಣೆ. ನಾನು ನರ್ಸ್‌ಗಳ ತರಬೇತಿಗೆ ಹೋದಾಗ ಈ ಭಾಗವನ್ನೇ ಮೊದಲು ಓದಿಸುತ್ತಿದ್ದೆ. ಕಾನೂನು ತಮ್ಮ ಪಾಲಿಗೂ ಇದೆ ಎಂದು ತಿಳಿದಾಗ ಉಳಿದ ಭಾಗಕ್ಕೂ ಕಿವಿ ತೆರೆಯುತ್ತಿತ್ತು.

ದೂರು ಕೊಡುವುದಾದರೆ ದಾರಿಗಳಿವೆ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಆಸ್ಪತ್ರೆಯಲ್ಲಿ ಇಂಥ ದೂರು ಕೇಳಲೆಂದೇ ಒಬ್ಬ ಅಧಿಕಾರಿ ಇರಬೇಕು. ಮೊದಲು ಅವರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಮೇಲೆ ಕಾಯ್ದೆಯಡಿ ರಾಜ್ಯ ಮಟ್ಟದ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ, ಅವರು 30 ದಿನದೊಳಗೆ ಆದೇಶ ಕೊಡಬೇಕು, ತುರ್ತು ಚಿಕಿತ್ಸೆಯ ಸಂದರ್ಭದಲ್ಲಿ ಸಾಧ್ಯವಾದಷ್ಟೂ 24 ಗಂಟೆಯೊಳಗೆ. ಖಾಸಗಿ ಆಸ್ಪತ್ರೆಯಾದ್ದರಿಂದ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿರುವ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಕೆಪಿಎಂಇ ಪ್ರಾಧಿಕಾರಕ್ಕೂ ದೂರು ಕೊಡಬಹುದು, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಿ. ಅರ್ಜಿ ಬರೆಯಲು ನೆರವು ಬೇಕಾದರೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದವರನ್ನೋ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದವರನ್ನೋ ಕೇಳಿ. ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿಯೂ ಸಲಹೆ ಪಡೆಯಬಹುದು. ಕೋರ್ಟಿನವರೆಗೆ ಹೋದರೆ ಹೆಸರು ಮರೆಮಾಚಿ ವಿಚಾರಣೆ ನಡೆಸುವಂತೆ ಕೇಳುವ ಅವಕಾಶವೂ ಇದೆ. ಆದರೆ ದೂರು ಕೊಡಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವನು ನಿಮ್ಮ ಮೈದುನ. ಸಿಟ್ಟು ನಿಮ್ಮದಿರಬಹುದು, ಹೆಸರು ಅವನದು. ಎಷ್ಟೋ ಜನ ದೂರು ಬೇಡವೆಂದಿದ್ದಾರೆ, ಅವರನ್ನು ಅಂಜುಬುರುಕರು ಎಂದು ನಾನು ಎಂದೂ ಕರೆದಿಲ್ಲ.

ಅತ್ತೆಯವರ ವಿಚಾರ. ಅವರೊಂದಿಗೆ ವಾದ ಮಾಡಬೇಡಿ, ನಿಮಗೆ ಅದು ಗೊತ್ತಿದೆ. ತಟ್ಟೆ, ಲೋಟ, ಬಟ್ಟೆ, ಶೌಚಾಲಯ, ಸೊಳ್ಳೆ, ಕೆಮ್ಮು, ಮಗುವಿಗೆ ಕೊಡುವ ಮುತ್ತು, ಯಾವುದರಿಂದಲೂ ಬರುವುದಿಲ್ಲ ಎಂದು ನೂರು ಸಲ ಹೇಳಿರುತ್ತೀರಿ. ಅವನ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಅವನಿಗೇ ಇರಲಿ, ಅದು ಯಾವ ಮನೆಯಲ್ಲೂ ಹಾಗೇ ಇರಬೇಕಾದದ್ದು. ಅವನಿಗೆ ಗಾಯವಾಗಿ ರಕ್ತ ಬಂದರೆ ಒರೆಸುವಾಗ ಕೈಗೆ ಗ್ಲೌಸೋ ಪ್ಲಾಸ್ಟಿಕ್ ಕವರೋ ಇರಲಿ, ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಹಾಕಿ. ಇದಕ್ಕಿಂತ ಹೆಚ್ಚಿನದು ಏನೂ ಬೇಕಿಲ್ಲ. ಸಾಧ್ಯವಾದರೆ ಅತ್ತೆಯವರನ್ನು ಒಮ್ಮೆ ಏಆರ್‌ಟಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅವನ ಒಪ್ಪಿಗೆ ಇದ್ದರೆ. ಉಪದೇಶ ಕೇಳಿಸುವುದಕ್ಕಾಗಿ ಬೇಡ. ಅಲ್ಲಿನ ಆಪ್ತಸಮಾಲೋಚಕರು ನಿಮ್ಮ ಮೈದುನನ ಹೆಗಲ ಮೇಲೆ ಕೈಯಿಟ್ಟು ‘ಏನಪ್ಪ, ಮಳೆ ಆಯಿತೇ ಊರಲ್ಲಿ’ ಎಂದು ಕೇಳುವುದನ್ನು ಅವರು ಕಣ್ಣಾರೆ ನೋಡಲಿ. ಒಬ್ಬ ಡಾಕ್ಟರ ಕೈ ಕಂಡು ಕಲಿತದ್ದನ್ನು ಇನ್ನೊಂದು ಕೈ ಕಂಡು ಮರೆಯಬಹುದು.

ಇನ್ನು ನಿಮ್ಮ ಕೈ. ಆ ಹಿಂಜರಿಕೆ ಒಂದೇ ದಿನಕ್ಕೆ ಹೋಗುವುದಿಲ್ಲ. ನನ್ನ ಗ್ಲೌಸ್ ಬಿಡಲು ನನಗೆ ವರ್ಷಗಳು ಹಿಡಿದವು. ಆ ಹೊತ್ತಿಗೆ ಲಾರಿ ಕ್ಲೀನರ್ ಸತ್ತು ಬಹಳ ದಿನವಾಗಿತ್ತು. ಹಿಂಜರಿದರೂ ತೊಳೆಯಿರಿ. ಅವನ ಲೋಟವನ್ನು ಮನೆಯ ಉಳಿದ ಲೋಟಗಳೊಂದಿಗೆ ಒಂದೇ ಬುಟ್ಟಿಯಲ್ಲಿ ಬೋರಲು ಹಾಕಿ. ನಾಳೆ ಬೆಳಗ್ಗೆ ಯಾವುದು ಯಾರ ಲೋಟ ಎಂದು ನಿಮಗೇ ಗುರುತು ಸಿಗಬಾರದು. ಆಶಾ ಕಾರ್ಯಕರ್ತೆಯ ಮನೆಯ ಬುಟ್ಟಿಯನ್ನು ಊರು ನೋಡುತ್ತಿರುತ್ತದೆ ಎಂಬುದೂ ನಿಮಗೆ ಗೊತ್ತಿರಲಿ.

ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ: ಆ ಹರ್ನಿಯಾ ಇನ್ನೂ ಹಾಗೇ ಇದೆಯಲ್ಲ? ದೂರು, ತನಿಖೆ ಎಂದು ಕಾಯುತ್ತ ಅದನ್ನು ಮರೆಯಬೇಡಿ. ಅವನು ಮಾತ್ರೆ ತೆಗೆದುಕೊಳ್ಳುವ ಏಆರ್‌ಟಿ ಕೇಂದ್ರದ ವೈದ್ಯಾಧಿಕಾರಿಯನ್ನು ಈ ವಾರವೇ ಕಂಡು, ಕೊನೆಯ ವೈರಲ್ ಲೋಡ್ ವರದಿಯ ಜೊತೆ ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಪತ್ರ ಬರೆಸಿಕೊಳ್ಳಿ. ಸೋಂಕಿನ ವಿಚಾರ ಹೇಳಲೇಬೇಕೆಂಬ ಬಲವಂತ ಕಾನೂನಿನಲ್ಲಿಲ್ಲ. ಆದರೆ ಸರ್ಜನ್‌ಗೂ ಅರಿವಳಿಕೆ ಕೊಡುವವರಿಗೂ ಅವನು ನುಂಗುವ ಮಾತ್ರೆಗಳ ಹೆಸರು ತಿಳಿದರೆ ಅವನಿಗೇ ಒಳ್ಳೆಯದು. ಹೊಟ್ಟೆ ಉರಿಗೆ ಕೊಡುವ ಆಂಟಾಸಿಡ್‌ನಂಥ ಔಷಧ ಅದೇ ಹೊತ್ತಿಗೆ ಬಿದ್ದರೆ ಏಆರ್‌ಟಿ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಪರೇಷನ್ ದಿನವೂ ಆ ಮಾತ್ರೆ ತಪ್ಪಬಾರದು, ಯಾವ ಹೊತ್ತಿಗೆ, ಎಷ್ಟು ನೀರಿನಲ್ಲಿ ಎಂದು ಅವರನ್ನೇ ಕೇಳಿ. ಅಲ್ಲಿಯವರೆಗೆ ಮೂಟೆ ಹೊರುವುದು ನಿಲ್ಲಲಿ. ಮಲಗಿದಾಗ ಒಳಗೆ ಹೋಗುತ್ತಿದ್ದ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ಮುಟ್ಟಿದರೆ ನೋವು, ವಾಂತಿ, ಗಾಳಿ ಹೋಗದೆ ಹೊಟ್ಟೆ ಉಬ್ಬರ ಕಂಡರೆ ಕರುಳು ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ. ಆಗ ಬೆಳಗಾಗುವುದನ್ನು ಕಾಯಬೇಡಿ, 108ಕ್ಕೆ ಕರೆ ಮಾಡಿ ಆ ರಾತ್ರಿಯೇ ಹೊರಡಿ. ಬಾಗಿಲಲ್ಲಿ ಯಾರಾದರೂ ಬೆಂಗಳೂರಿನ ಹೆಸರು ಎತ್ತಿದರೆ, ಕಳಿಸುವ ಕಾರಣವನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಿ.